ಅಪ್‌ಡೇಟ್: ತೊಟ್ಟಿ ಮನೆ ಗೋಡೆಯ ತೇವ ಕೊನೆಗೂ ನಿಂತಿತು

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳೇ ತೊಟ್ಟಿ ಮನೆಯನ್ನು ಹೋಮ್‌ಸ್ಟೇ ಮಾಡ್ತಿದ್ದೀವಿ, ಮಣ್ಣಿನ ಗೋಡೆಯಲ್ಲಿ ಬಿಳಿ ಉಪ್ಪು ಬರ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಮೇಲಿನ ಸಿಮೆಂಟ್ ಗಾರೆ ಪೂರ್ತಿ ಕಿತ್ತು ಸುಣ್ಣದ ಗಾರೆ ಹಾಕಿ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಜಡಿಮಳೆ ಕಳೆದರೂ ಉಪ್ಪು ಕಾಣಲಿಲ್ಲ. ವಾಟರ್‌ಪ್ರೂಫ್ ಪೇಂಟ್ ಹೊಡೆದ ಮೂಲೆಯಲ್ಲಿ ಮಾತ್ರ ಗುಳ್ಳೆ ಎದ್ದಿತು. ನೆಲದಿಂದ ಏರಿದ ನೀರು ಆರೋಕೆ ದಾರಿ ಬೇಕು, ಅಲ್ವಾ? ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ.

ನನಗೆ ಹೊಸದು ಅನ್ನಿಸಿದ್ದು ಗಾರೆಯ ಹದ. ನೀರಲ್ಲಿ ಕೊಳೆಸಿಟ್ಟ ಸುಣ್ಣ 1 ಪಾಲಿಗೆ ಮರಳು 3 ಪಾಲು, ಜೊತೆಗೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಮೇಸ್ತ್ರಿ ಅದನ್ನು ಬೆಣ್ಣೆಯಂತೆ ಬರುವವರೆಗೂ ಅರೆಸಿದರು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ತೆಳುವಾಗಿ ಹಾಕಿಸಿ, ಒದ್ದೆ ಗೋಣಿ ಇಳಿಬಿಡಿ, ಬೇಗ ಒಣಗಿದರೆ ಬಿರುಕು ಜಾಸ್ತಿ. ಮೇಲೆ ಸುಣ್ಣವನ್ನೇ ಬಳಿಸಿ, ಪ್ಲಾಸ್ಟಿಕ್ ಪೇಂಟ್ ಬೇಡ.