ಕಾರ್ಖಾನೆ ಬೂದಿಯಿಂದ ವೇಗವರ್ಧಕ: ನಿಜವಾಗಿಯೂ ಪರಿಸರಕ್ಕೆ ಒಳ್ಳೆಯದಾ?

ಪೀಣ್ಯದ ಹುಡುಗಿ: ಎಂಎಸ್ಸಿ ಪ್ರಾಜೆಕ್ಟಿಗೆ ಅಂತ ರಾಯಚೂರಿನಿಂದ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಬರುವ ನುಣ್ಣನೆ ಬೂದಿ) ತರಿಸಿದ್ದೇನೆ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬಿಸಿ ಮಾಡಿದರೆ ಅದರ ಸಿಲಿಕಾ, ಅಲ್ಯುಮಿನಾ ಸೇರಿ ಜಿಯೋಲೈಟ್ ಅನ್ನೋ ಸಣ್ಣ ಸಣ್ಣ ರಂಧ್ರಗಳ ಘನವಸ್ತು ಆಗುತ್ತದೆ. ವೇಗವರ್ಧಕವಾಗಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸಲು, ಹಾಕುವ ಸಲ್ಫ್ಯೂರಿಕ್ ಆಮ್ಲದ ಬದಲು ಇದನ್ನೇ ಹಾಕಿ, ಕೆಲಸ ಮುಗಿದ ಮೇಲೆ ಸೋಸಿ ಮತ್ತೆ ಬಳಸಬೇಕು ಅನ್ನೋದು ನನ್ನ ಆಸೆ. ನಿಮ್ಮ ಅಭಿಪ್ರಾಯ ಹೇಳಿ.

ಜಿಗಣಿ ಪ್ಲಾಂಟ್: ಒಳ್ಳೆಯ ಯೋಚನೆ. ಆದರೆ ಹಾಗೆ ಸಿಗುವುದು ಸೋಡಿಯಂ ಇರುವ ಜಿಯೋಲೈಟ್. ಅದು ಆಮ್ಲದ ಕೆಲಸ ಮಾಡಬೇಕಾದರೆ ಅಮೋನಿಯಂ ಲವಣದಲ್ಲಿ ನೆನೆಸಿ, ತೊಳೆದು, ಫರ್ನೇಸಿನಲ್ಲಿ ಕಾಯಿಸಬೇಕು. ಆ ಕರೆಂಟು, ಆ ಕ್ಷಾರದ ನೀರು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಬೆಳಗಾವಿಯವ, ಈಗ ಬಸವನಗುಡಿ: ಲೆಕ್ಕ ಇರಲಿ ಸರ್, ಗುಡ್ಡೆ ಬಿದ್ದಿರುವ ಕಸ ಏನಾಗಬೇಕು? ನಮ್ಮೂರಲ್ಲಿ ಅಲ್ಯುಮಿನಾ ಕಾರ್ಖಾನೆ ಇದೆ. ಒಂದು ಟನ್ ಅಲ್ಯುಮಿನಾ ತೆಗೆದರೆ ಹೆಚ್ಚುಕಡಿಮೆ ಅಷ್ಟೇ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೆಂಪು ಕೆಸರು ಬರುತ್ತದೆ. 2010ರಲ್ಲಿ ಹಂಗೇರಿಯ ಐಕಾದಲ್ಲಿ ಇಂಥದ್ದೇ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಆ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡ್ ತುಂಬಾ ಇದೆ, ವೇಗವರ್ಧಕಕ್ಕೆ ಬೇಕಾದ್ದೇ ಅದು.

ಜಿಗಣಿ ಪ್ಲಾಂಟ್: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ವೇಗವರ್ಧಕ ಬೇಕಾಗುವುದೇ ಚೂರುಪಾರು, ಗುಡ್ಡೆ ಕರಗುವುದಿಲ್ಲ. ಹಾರುಬೂದಿಯನ್ನು ಟನ್‌ಗಟ್ಟಲೆ ನುಂಗುವುದು ಸಿಮೆಂಟು, ಇಟ್ಟಿಗೆ. ನಮ್ಮ ಲಾಭ ಬೇರೆ ಕಡೆ ಇದೆ. ಔಷಧ ತಯಾರಿಕೆಯಲ್ಲಿ ಒಂದು ಕಿಲೋ ಮಾಲಿಗೆ 25ರಿಂದ 100 ಕಿಲೋ ಕಸ ಅಂತ 1992ರಲ್ಲೇ ರಸಾಯನ ವಿಜ್ಞಾನಿ ರೋಜರ್ ಶೆಲ್ಡನ್ ಲೆಕ್ಕ ಕೊಟ್ಟಿದ್ದರು. ಅದರಲ್ಲಿ ದೊಡ್ಡ ಪಾಲು ದ್ರಾವಕದ್ದು, ಅಂದರೆ ವಸ್ತುಗಳನ್ನು ಕರಗಿಸಲು ಬಳಸುವ ದ್ರವದ್ದು. ಆಮ್ಲ ತೆಗೆದು, ದ್ರಾವಕ ಹಾಗೇ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ.

ರಾಜಾಜಿನಗರದ ಮೇಷ್ಟ್ರು: ಇಬ್ಬರೂ ಬಿಟ್ಟ ಒಂದು ವಿಷಯ ಹೇಳುತ್ತೇನೆ. ಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ ಕೂಡ ಇರುತ್ತವೆ. ಅವು ಮಾಲಿಗೆ ಸೇರಿದರೆ? ಇನ್ನೊಂದು, ಕ್ರಿಯೆ ಅರ್ಧ ಆದಾಗ ಬಿಸಿ ಇರುವಾಗಲೇ ಸೋಸಿ. ಆಮೇಲೆ ಬರೀ ತಿಳಿಯನ್ನು ಅದೇ ಶಾಖದಲ್ಲಿ ಇಡಿ. ಕ್ರಿಯೆ ಜೋರಾಗಿ ಮುಂದುವರಿದರೆ, ಕೆಲಸ ಮಾಡುತ್ತಿರುವುದು ನಿಮ್ಮ ಪುಡಿ ಅಲ್ಲ, ಅದರಿಂದ ಕರಗಿ ದ್ರವಕ್ಕೆ ಸೇರಿದ ವಸ್ತು. ಸೋಸುವಾಗ ತಣ್ಣಗಾಗಲು ಬಿಡಬೇಡಿ. ತಣಿದರೆ ಕರಗಿದ್ದು ಮತ್ತೆ ಪುಡಿಗೇ ಅಂಟಿಕೊಂಡು, ಏನೂ ಬಿಟ್ಟಿಲ್ಲ ಅಂತ ಕಾಣುತ್ತದೆ.

ಪೀಣ್ಯದ ಹುಡುಗಿ: ಥ್ಯಾಂಕ್ಸ್ ಮೇಷ್ಟ್ರೇ. ಈ ಪರೀಕ್ಷೆ ನಮ್ಮ ಪ್ಲಾನಿನಲ್ಲಿ ಇರಲೇ ಇಲ್ಲ. ದ್ರಾವಕ ಇಲ್ಲದೆ ಮಾಡಲು ಆಗುತ್ತಾ ಅಂತಲೂ ನೋಡುತ್ತೇನೆ.

ರಾಜಾಜಿನಗರದ ಮೇಷ್ಟ್ರು: ನೋಡಮ್ಮ. ಜೊತೆಗೆ ಏನೂ ಹಾಕದೆ ಒಂದು ಸಲ, ಹಸಿ ಬೂದಿ, ಅಂದರೆ ಏನೂ ಸಂಸ್ಕರಿಸದ ಬೂದಿ ಹಾಕಿ ಒಂದು ಸಲ ಮಾಡು. ಹಸಿ ಬೂದಿಯೇ ಸಾಕಾದರೆ ಕಾಸ್ಟಿಕ್ ಸೋಡಾ ಯಾಕೆ ಬೇಕು?