ಅಪ್‌ಡೇಟ್: ಅಮ್ಮನ ಕಂಪ್ರೆಷನ್ ಸ್ಟಾಕಿಂಗ್ಸ್ ಈಗ ಜಾರುತ್ತಿಲ್ಲ

ಅಮ್ಮನಿಗೆ ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಉಬ್ಬಿಕೊಳ್ಳುವ ತೊಂದರೆ), ಡಾಕ್ಟರ್ ಬರೆದುಕೊಟ್ಟ, ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಮೊಣಕಾಲುದ್ದದ ಸ್ಟಾಕಿಂಗ್ಸ್ ಹಾಕುವುದೇ ಕಷ್ಟ, ಹಾಕಿದರೂ ಜಾರಿ ಮಡಿಕೆ ಬೀಳುತ್ತದೆ ಎಂದು ಕೇಳಿದ್ದೆನಲ್ಲ? ಈಗ ಸರಿಹೋಗಿದೆ.

ಕೆಲಸಕ್ಕೆ ಬಂದಿದ್ದು ಎರಡು ಸಲಹೆ. ಮೊದಲನೆಯದು, ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ಕಾಲು ಊದಿಕೊಳ್ಳದೆ ಇರುವಾಗ ಹಾಕುವುದು. ಎರಡನೆಯದು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್. ಸ್ಟಾಕಿಂಗ್ಸ್ ಅನ್ನು ಹಿಮ್ಮಡಿ ತನಕ ಒಳಮಗ್ಗುಲು ಮಾಡಿ, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಬೇಕು. ಗ್ಲೌಸ್ ಹಾಕಿದರೆ ಬಟ್ಟೆ ಚೆನ್ನಾಗಿ ಹಿಡಿತಕ್ಕೆ ಸಿಗುತ್ತದೆ, ಉಗುರೂ ತಾಗುವುದಿಲ್ಲ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್!

ಪೌಡರ್ ಹಚ್ಚಿ ನೋಡಿದೆವು, ಅಷ್ಟೇನೂ ಪ್ರಯೋಜನ ಆಗಲಿಲ್ಲ. ಮೇಲಿನ ಅಂಚನ್ನು ಮಡಚುವುದಂತೂ ಬೇಡವೇ ಬೇಡ. ಅಲ್ಲಿ ಬಿಗಿ ಜಾಸ್ತಿಯಾಗಿ ರಕ್ತ ಮೇಲೇರುವುದಕ್ಕೇ ಅಡ್ಡಿಯಾಗುತ್ತದೆ.

ಜಾರುತ್ತಿದ್ದುದಕ್ಕೆ ಕಾರಣ ಸೈಜು. ಅಂಗಡಿಯವರು ಚಪ್ಪಲಿ ನಂಬರ್ ನೋಡಿ ಕೊಟ್ಟಿದ್ದರು. ಕಣಕಾಲಿನ ಸಣ್ಣ ಭಾಗ, ಮೀನಖಂಡದ ದಪ್ಪ ಭಾಗ ಎರಡನ್ನೂ ಬೆಳಿಗ್ಗೆಯೇ ಟೇಪಿನಲ್ಲಿ ಅಳೆದು ಬೇರೆ ತಂದೆವು. ಅಮ್ಮನಿಗೆ ಬರೆದಿರುವುದು ಕ್ಲಾಸ್ 2, ಅಂದರೆ 23ರಿಂದ 32 ಎಂಎಂಎಚ್‌ಜಿ (ಬಿಪಿ ಅಳೆಯುವ ಅದೇ ಮಾನ) ಒತ್ತಡದ್ದು. ರಾತ್ರಿ ಬಿಚ್ಚಿಡಲು ಹೇಳಿದ್ದಾರೆ.

ನನಗೆ ಆಶ್ಚರ್ಯವಾದ ವಿಷಯ: ರಕ್ತ ಸಂಚಾರ ಸರಿಯಿಲ್ಲದ ಎಲ್ಲರಿಗೂ ಈ ಸ್ಟಾಕಿಂಗ್ಸ್ ಹೊಂದುವುದಿಲ್ಲ. ಕಾಲಿಗೆ ರಕ್ತ ತರುವ ಅಪಧಮನಿಯೇ ಕಟ್ಟಿಕೊಂಡಿದ್ದರೆ ಈ ಬಿಗಿಯಿಂದ ಅಪಾಯ. ಅದಕ್ಕೇ ಡಾಕ್ಟರ್ ಮೊದಲು ಕಣಕಾಲಿನ ಬಿಪಿ, ತೋಳಿನ ಬಿಪಿ ಎರಡನ್ನೂ ಹೋಲಿಸಿ ನೋಡಿದ್ದರು. ಶುಗರ್ ಇರುವವರು, ಸ್ವಲ್ಪ ನಡೆದರೂ ಮೀನಖಂಡ ಹಿಡಿದುಕೊಳ್ಳುವವರು ದಯವಿಟ್ಟು ಸುಮ್ನೆ ತಂದು ಹಾಕಬೇಡಿ, ಮೊದಲು ತೋರಿಸಿ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ.