ಕಂಪ್ಯೂಟರ್ ಈಗಲೇ ಕೊಳ್ಳುವುದೋ, ಹೊಸ ಚಿಪ್ ಬರುವವರೆಗೆ ಕಾಯುವುದೋ?

ಪ್ರಶ್ನೆ (ತುಮಕೂರು):
ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆಯ ಬಳಿ ಚಿಕ್ಕ ಕಚೇರಿ ಇಟ್ಟುಕೊಂಡು ಕೊಬ್ಬರಿ ಮತ್ತು ದಿನಸಿ ವರ್ತಕರ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತೇನೆ. ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯಲ್ಲಿ ಕರಾರುಪತ್ರಗಳನ್ನೂ ಟೈಪ್ ಮಾಡಿಕೊಡುತ್ತೇನೆ. ನನ್ನಲ್ಲಿರುವುದು ಇಂಟೆಲ್ ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇರುವ ಡೆಸ್ಕ್‌ಟಾಪ್. ತಿಂಗಳ 20ನೇ ತಾರೀಖು ಹತ್ತಿರವಾದಾಗ ಲೆಕ್ಕದ ತಂತ್ರಾಂಶ ಟ್ಯಾಲಿ, ಎಕ್ಸೆಲ್, ಬ್ರೌಸರ್ ಮೂರನ್ನೂ ಒಟ್ಟಿಗೆ ತೆರೆದರೆ ಡಿಸ್ಕಿನ ದೀಪ ಉರಿಯುತ್ತಲೇ ಇರುತ್ತದೆ, ಒತ್ತಿದ ಅಕ್ಷರ ಪರದೆಗೆ ಬರಲು ತಡವಾಗುತ್ತದೆ. ಪರಿಚಯದವರೊಬ್ಬರು, ಎಐ ಚಿಪ್ ಇರುವ ಯಂತ್ರಗಳು ಇನ್ನೂ ಸುಧಾರಿಸಿ ಅಗ್ಗವಾಗುತ್ತವೆ, ಒಂದು ವರ್ಷ ತಡೆಯಿರಿ ಎನ್ನುತ್ತಿದ್ದಾರೆ. ತಿಳಿದವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ಉತ್ತರ 1 (ಕೋಲಾರ):
ಸರ್, ಯಾವುದಕ್ಕಾಗಿ ಕಾಯುತ್ತೀರಿ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಘೋಷಿಸಿದ ಕೋಪೈಲಟ್ ಪ್ಲಸ್ ಯಂತ್ರಗಳಲ್ಲಿ ಎಐ ಕೆಲಸಕ್ಕೆಂದೇ ಎನ್‌ಪಿಯು ಎಂಬ ಪ್ರತ್ಯೇಕ ಭಾಗವಿರುತ್ತದೆ, ಜೊತೆಗೆ ಕನಿಷ್ಠ 16 ಜಿಬಿ ರ‍್ಯಾಮ್ ಇರುತ್ತದೆ. ನಿಮ್ಮ ಲೆಕ್ಕದ ಕೆಲಸಕ್ಕೆ ಪ್ರಯೋಜನವಾಗುವುದು ಆ ರ‍್ಯಾಮ್ ಮಾತ್ರ; ಎನ್‌ಪಿಯು ಎಷ್ಟೇ ಸುಧಾರಿಸಿದರೂ ಟ್ಯಾಲಿಯಲ್ಲಿ ವೋಚರ್ ನಮೂದಿಸುವ ವೇಗ ಹೆಚ್ಚುವುದಿಲ್ಲ.

ನನ್ನ ಚಿಂತೆ ವೇಗದ್ದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಆದ್ದರಿಂದ ನಿಮ್ಮ ಐ3 ಆ ಪಟ್ಟಿಯಲ್ಲಿಲ್ಲ. ವರ್ತಕರ ಜಿಎಸ್‌ಟಿ ಪಾಸ್‌ವರ್ಡ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ನಿಮ್ಮನ್ನು ನಂಬಿ ಆ ಯಂತ್ರದಲ್ಲಿವೆ. ಭದ್ರತಾ ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಅವನ್ನು ಇಟ್ಟುಕೊಂಡು ಇನ್ನೊಂದು ವರ್ಷ ದೂಡುವುದನ್ನು ನಾನಂತೂ ಒಪ್ಪಲಾರೆ.

ಉತ್ತರ 2 (ಚಿಕ್ಕಬಳ್ಳಾಪುರ):
ಕೋಲಾರದ ಸ್ನೇಹಿತರ ಮಾತು ಸರಿ. ಆದರೆ ಕೈಯಲ್ಲಿ ತಕ್ಷಣ ಹಣವಿಲ್ಲದಿದ್ದರೆ ನಡುವಿನ ದಾರಿಯೊಂದಿದೆ. ಹಾರ್ಡ್ ಡಿಸ್ಕ್ ಬದಲು, ಅದಕ್ಕಿಂತ ಬಹಳ ವೇಗವಾಗಿ ಓದುವ ಬರೆಯುವ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ನೀವು ಹೇಳಿದ ತೊಡಕಿನ ಬಹುಭಾಗ ಕಳೆಯುತ್ತದೆ, ಮುಂದೆ ಹೊಸ ಡೆಸ್ಕ್‌ಟಾಪ್‌ಗೂ ಅದನ್ನೇ ಜೋಡಿಸಬಹುದು. ಮೈಕ್ರೋಸಾಫ್ಟ್‌ನ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯ ನಿಬಂಧನೆಗಳನ್ನೂ ಒಮ್ಮೆ ನೋಡಿ. ಹಳೆಯ ಬೋರ್ಡಿಗೆ ಹೊಸ ರ‍್ಯಾಮ್ ಮಾತ್ರ ಕೊಳ್ಳಬೇಡಿ, ಏಕೆಂದರೆ ಮುಂದೆ ಹೊಸ ಯಂತ್ರ ಕೊಂಡಾಗ, ಡಿಡಿಆರ್5 ಎಂಬ ಹೊಸ ಬಗೆಯ ಮೆಮೊರಿ ಬಳಸುವ ಬೋರ್ಡಿನಲ್ಲಿ ಅದು ಕೂರುವುದಿಲ್ಲ.

ಕಾದರೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆಯೂ ಈಗ ಪೂರ್ತಿ ನಿಜವಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರ ಇಳಿಯುವ ಬದಲು ಏರಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸುವುದಾದರೆ ಎಎಂಡಿ ಕಂಪನಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರಿಸುವ ಜಾಗ) ಇರುವ ಬೋರ್ಡ್ ಕೇಳಿ. 2022ರಲ್ಲಿ ಬಂದ ಈ ಸಾಕೆಟ್‌ಗೆ ಕನಿಷ್ಠ 2027ರವರೆಗೆ ಬೆಂಬಲ ನೀಡುವುದಾಗಿ ಕಂಪನಿ ಹೇಳಿದೆ. ಈಗ ಸಾಧಾರಣ ಪ್ರೊಸೆಸರ್ ಹಾಕಿಸಿಕೊಂಡು, ನೀವು ನಿರೀಕ್ಷಿಸುತ್ತಿರುವ ಹೊಸದು ಬಂದಾಗ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿ ಅದೊಂದನ್ನೇ ಬದಲಾಯಿಸಲು ಅವಕಾಶವಿರುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಭದ್ರತೆಯ ವಿಷಯವನ್ನು ನಾನು ಇಷ್ಟು ಗಂಭೀರವಾಗಿ ಯೋಚಿಸಿರಲಿಲ್ಲ. ಎಎಂ5 ಬೋರ್ಡ್, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಎಂದು ಕೊಟೇಶನ್ ತರಿಸುತ್ತೇನೆ. ಹಳೆಯ ನುಡಿ ಕಡತಗಳು ಹೊಸ ಯಂತ್ರದಲ್ಲಿ ತೆರೆಯುತ್ತವೆಯೇ?

ಉತ್ತರ 3 (ತುಮಕೂರು):
ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಬಹುದಾದ ಯೂನಿಕೋಡ್ ಅಕ್ಷರ ಪದ್ಧತಿಗೆ ಮುಂಚಿನ ನುಡಿ ಕಡತಗಳಿಗೆ ಅದೇ ನುಡಿ ಫಾಂಟ್ ಬೇಕು, ಇಲ್ಲವಾದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ಹಳೆಯ ಯಂತ್ರವನ್ನು ಬಿಚ್ಚುವ ಮೊದಲೇ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಟ್ಯಾಲಿಯ ಡೇಟಾ ಫೋಲ್ಡರನ್ನೂ ಬ್ಯಾಕಪ್ ತೆಗೆದು, ಹೊಸ ಯಂತ್ರದಲ್ಲಿ ಒಬ್ಬ ವರ್ತಕರ ಲೆಕ್ಕವನ್ನಾದರೂ ತೆರೆದು ತಾಳೆ ನೋಡಿದ ಮೇಲೆಯೇ ಹಳೆಯ ಡಿಸ್ಕನ್ನು ಅಳಿಸಿ.

ಇನ್ನೊಂದು ವಿಷಯ. ವೃತ್ತಿಗೆ ಬಳಸುವ ಕಂಪ್ಯೂಟರ್ ಮೇಲೆ ಆದಾಯ ತೆರಿಗೆಯಲ್ಲಿ ಶೇ. 40ರಷ್ಟು ಸವಕಳಿ (ಡಿಪ್ರಿಸಿಯೇಷನ್) ಸಿಗುತ್ತದೆ. ಕೊಂಡ ವರ್ಷದಲ್ಲಿ ಅದನ್ನು ಬಳಸಿದ್ದು 180 ದಿನಕ್ಕಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಬರೆಸುವುದನ್ನು ಮರೆಯಬೇಡಿ.